ಹಾಟ್ ರಾಡ್‌ನ ನಾಡಿ ಹಿಡಿದು ನೋಡಿದರೆ

ಕನ್ನಡದ ಗೆಳೆಯರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಲೆಕ್ಕಗಳನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನ್ನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇದೆ. ಗ್ರೀಸ್ ಮೆತ್ತಿದ ಬೆರಳಿನ ಗುರುತು ಬಿದ್ದು ಅಂಚೆಲ್ಲ ಕಪ್ಪಾಗಿದೆ. ಕಾರಿಗೆ ಪೆಟ್ರೋಲ್ ತುಂಬಿಸಿದಾಗಲೆಲ್ಲ ಪಂಪಿನ ಪಕ್ಕದಲ್ಲೇ ನಿಂತು ಇದರಲ್ಲಿ ಬರೆಯುತ್ತೇನೆ. ಎಷ್ಟು ಮೈಲಿ ಓಡಿತು, ಎಷ್ಟು ಗ್ಯಾಲನ್ ಹಿಡಿಯಿತು, ಗ್ಯಾಲನ್‌ಗೆ ಎಷ್ಟು ಬಂತು. ಮೊದಲ ಪುಟದ ಮೊದಲ ಸಾಲಿನಲ್ಲಿ 11.5 ಅಂತ ಇದೆ. ಕೊನೆಯ ಪುಟದಲ್ಲಿ 19.2. ಇವತ್ತು ನಾನು ಹೇಳಬೇಕು ಅಂದುಕೊಂಡದ್ದೆಲ್ಲ ಈ ಎರಡು ಅಂಕಿಗಳ ನಡುವೆ ಇದೆ.

ಹಾಟ್ ರಾಡ್ ಅಂದರೆ ಏನು ಅಂತ ಕೆಲವರು ಬರುವಾಗಲೇ ಕೇಳಿದರು. ಅಮೆರಿಕದ ಹಳೇ ಕಾರು, ಹೆಚ್ಚಾಗಿ 1920-30ರ ದಶಕದ ಫೋರ್ಡ್. ಅದರಲ್ಲಿ ಬೇಡದ್ದನ್ನೆಲ್ಲ ಕಿತ್ತು ಹಗುರ ಮಾಡಿ, ದೊಡ್ಡ ಇಂಜಿನ್ ಕೂರಿಸಿ, ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳುವ ಗಾಡಿ ಅದು. ನನ್ನದು 1930ರ ಫೋರ್ಡ್ ಮಾಡೆಲ್ ಎ ಕೂಪೆ. ಒಳಗಿರುವುದು ಶೆವರ್ಲೆಯ 350 ಕ್ಯೂಬಿಕ್ ಇಂಚಿನ ವಿ8, ಅಂದರೆ 5.7 ಲೀಟರ್. ಓಹಾಯೋದ ನಮ್ಮ ಮನೆಯ ಗ್ಯಾರೇಜಿನಲ್ಲಿ ಸಂಜೆಗಳನ್ನೆಲ್ಲ ಸುರಿದು ಕಟ್ಟಿದ್ದು.

ಈ ಹವ್ಯಾಸದವರ ನಡುವೆ ಒಂದು ಮಾತು ಓಡಾಡುತ್ತಿರುತ್ತದೆ: ಮೈಲೇಜ್ ಬೇಕು ಅನ್ನುವವರು ಹಾಟ್ ರಾಡ್ ಯಾಕೆ ಕಟ್ಟಬೇಕು? ನನಗೆ ಈ ಮಾತು ಒಪ್ಪಿಗೆ ಇಲ್ಲ. ಮೈಲೇಜ್ ಗಾಡಿಯ ನಾಡಿ ಇದ್ದ ಹಾಗೆ. ವೈದ್ಯರು ಕೈ ಹಿಡಿದು ನೋಡಿ ಒಳಗೇನೋ ಸರಿಯಿಲ್ಲ ಅನ್ನುತ್ತಾರಲ್ಲ, ಹಾಗೆಯೇ ಗ್ಯಾಲನ್‌ಗೆ 11 ಮೈಲಿ ಕೊಡುವ ಹಗುರ ಗಾಡಿ ಒಳಗೇನೋ ಸರಿಯಿಲ್ಲ ಅಂತ ಹೇಳುತ್ತಿರುತ್ತದೆ. ನಾವು ಕೇಳಿಸಿಕೊಳ್ಳಬೇಕು, ಅಷ್ಟೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನರ ಕೈಗೆಟಕುವ ಕಾರಿನಲ್ಲಿ ವಿ8 ಇಂಜಿನ್ ಕೊಟ್ಟಿತು. 221 ಕ್ಯೂಬಿಕ್ ಇಂಚು, 65 ಅಶ್ವಶಕ್ತಿ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮುರಾಕ್, ಎಲ್ ಮಿರಾಜ್‌ನಂಥ ಒಣಗಿದ ಸರೋವರಗಳ ನೆಲದ ಮೇಲೆ ಕಾರು ಓಡಿಸಿ ವೇಗ ಅಳೆಯುತ್ತಿದ್ದರು. 1937ರಲ್ಲಿ ಅಲ್ಲಿನ ಕ್ಲಬ್ಬುಗಳೆಲ್ಲ ಸೇರಿ ಎಸ್‌ಸಿಟಿಎ (ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್) ಅನ್ನುವ ಸಂಘಟನೆ ಕಟ್ಟಿದವು. ಅದಕ್ಕೆ ಒಂದೇ ವರ್ಷ ಮೊದಲು, 1936ರಲ್ಲಿ, ಅದೇ ಸೀಮೆಯಲ್ಲಿ ಗಿಲ್ಮೋರ್ ಆಯಿಲ್ ಕಂಪನಿ ಇನ್ನೊಂದು ಪಂದ್ಯ ಶುರು ಮಾಡಿತ್ತು. ಲಾಸ್ ಏಂಜಲೀಸ್‌ನಿಂದ ಯೋಸೆಮಿಟಿವರೆಗೆ ಯಾರು ಕಡಿಮೆ ಪೆಟ್ರೋಲ್‌ನಲ್ಲಿ ಹೋಗುತ್ತಾರೆ ಅಂತ ನೋಡುವ ಪಂದ್ಯ. ಅದೇ ಮುಂದೆ ಮೊಬಿಲ್ ಎಕಾನಮಿ ರನ್ ಆಗಿ 1968ರವರೆಗೂ ನಡೆಯಿತು. ಎರಡೂ ಒಂದೇ ಕಾಲದಲ್ಲಿ, ಒಂದೇ ನೆಲದಲ್ಲಿ ಹುಟ್ಟಿದವು. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಯುದ್ಧದ ಕಾಲಕ್ಕೆ ಪೆಟ್ರೋಲ್ ರೇಷನ್ ಬಂತು. 1942ರ ಡಿಸೆಂಬರ್‌ನಿಂದ ಅಮೆರಿಕದ ತುಂಬ ಜಾರಿಯಾಯಿತು. ಕಾರಿನ ಗಾಜಿಗೆ ಎ ಸ್ಟಿಕ್ಕರ್ ಇದ್ದವರಿಗೆ ವಾರಕ್ಕೆ ಮೂರು ನಾಲ್ಕು ಗ್ಯಾಲನ್ ಮಾತ್ರ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಆ ಸರೋವರಗಳ ಮೇಲೆ ಕಾರು ಓಡಿಸುತ್ತಿದ್ದ ಬಿಲ್ ಬರ್ಕ್ ಯುದ್ಧ ವಿಮಾನದ ಹೊಟ್ಟೆಯಡಿ ನೇತುಹಾಕುತ್ತಿದ್ದ ಇಂಧನದ ಟ್ಯಾಂಕನ್ನೇ ತಂದು ಅದರೊಳಗೆ ಫೋರ್ಡ್ ಇಂಜಿನ್ ಕೂರಿಸಿ ಓಡಿಸಿದ. ಹನಿಯ ಆಕಾರದ ಮೈ, ಗಾಳಿಯನ್ನು ಸಲೀಸಾಗಿ ಸೀಳಿಕೊಂಡು ಹೋಗುತ್ತಿತ್ತು. ಗಾಳಿಯ ಮರ್ಮ ಹಾಟ್ ರಾಡ್‌ನವರಿಗೆ ಹೊಸದೇನೂ ಅಲ್ಲ.

ಈಗ ಲೆಕ್ಕ. ನನ್ನ ಗಾಡಿಯನ್ನು ಲಾರಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದಾಗ 2,400 ಪೌಂಡ್ ಬಂತು. ಹತ್ತಿರ ಹತ್ತಿರ 1,090 ಕಿಲೋ. ಇದು ಸಪಾಟು ರಸ್ತೆಯಲ್ಲಿ ಗಂಟೆಗೆ 65 ಮೈಲಿ ಹೋಗಲು ಎಷ್ಟು ಶಕ್ತಿ ಬೇಕು? ಗಾಳಿ ತಳ್ಳುವುದಕ್ಕೆ, ಟೈರ್ ಉರುಳುವುದಕ್ಕೆ ಎಲ್ಲ ಸೇರಿಸಿ ನನ್ನ ಅಂದಾಜಿಗೆ ಸುಮಾರು 30 ಅಶ್ವಶಕ್ತಿ ಸಾಕು. ಮಾಡೆಲ್ ಎ ಕಾರಿನ ಮೂಲ ಇಂಜಿನ್ ಕೊಡುತ್ತಿದ್ದದ್ದೇ 40. ನನ್ನ ವಿ8 ಕೊಡಬಲ್ಲದ್ದು 300ರ ಆಸುಪಾಸು. ಅಂದರೆ ಹೆದ್ದಾರಿಯಲ್ಲಿ ಅದು ತನ್ನ ಶಕ್ತಿಯ ಹತ್ತನೇ ಒಂದು ಪಾಲಿನ ಕೆಲಸ ಮಾಡುತ್ತಿರುತ್ತದೆ.

ಇಲ್ಲೇ ಇರುವುದು ತೊಂದರೆ. ಪೆಟ್ರೋಲ್ ಇಂಜಿನ್ನಿಗೆ ಕೆಲಸ ಕಡಿಮೆ ಮಾಡು ಅಂದರೆ ಗಾಳಿ ಬರುವ ಬಾಗಿಲನ್ನೇ ಮುಚ್ಚಬೇಕು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನೊಳಗಿನ ತಟ್ಟೆ ಬಹುತೇಕ ಮುಚ್ಚಿರುತ್ತದೆ. ಎಂಟು ಪಿಸ್ಟನ್‌ಗಳು ಆ ಸಂದಿಯಿಂದ ಗಾಳಿ ಎಳೆಯಬೇಕು. ಬಾಯಿಗೆ ಬಟ್ಟೆ ಒತ್ತಿಕೊಂಡು ಉಸಿರೆಳೆದ ಹಾಗೆ. ಹಾಗೆ ಎಳೆಯುವುದಕ್ಕೇ ಒಂದಷ್ಟು ಪೆಟ್ರೋಲ್ ಹೋಗುತ್ತದೆ. ಇಂಜಿನ್ ಜಾಸ್ತಿ ಸುತ್ತಿದಷ್ಟೂ ಈ ಎಳೆತ ಜಾಸ್ತಿ, ಒಳಗಿನ ಉಜ್ಜಾಟವೂ ಜಾಸ್ತಿ. ಆದ್ದರಿಂದ ಅದೇ 30 ಅಶ್ವಶಕ್ತಿಯನ್ನು ನಿಧಾನ ಸುತ್ತಿಸಿ ಪಡೆದರೆ ತಟ್ಟೆ ಇನ್ನಷ್ಟು ತೆರೆಯುತ್ತದೆ, ಇಂಜಿನ್ ಸಲೀಸಾಗಿ ಉಸಿರಾಡುತ್ತದೆ.

ಆದರೆ ಗೇರಿನ ಮಾತಿಗೆ ಹೋಗುವ ಮೊದಲು ಅಳತೆಯ ಮಾತು. ನನ್ನ ಮೊದಲ ಪುಟದ 11.5 ಸುಳ್ಳು ಅಂಕಿ ಅಂತ ಆಮೇಲೆ ಗೊತ್ತಾಯಿತು. ಹಾಟ್ ರಾಡ್‌ನಲ್ಲಿ ಸ್ಪೀಡೋಮೀಟರ್ ಒಂದು ಕಾರಿನದು, ಗೇರ್‌ಬಾಕ್ಸ್ ಇನ್ನೊಂದರದು, ಹಿಂದಿನ ಟೈರು ನಮಗೆ ಇಷ್ಟವಾದ ಗಾತ್ರದ್ದು. ಇವು ಮೂರೂ ಒಂದಕ್ಕೊಂದು ಒಪ್ಪಿಕೊಳ್ಳಬೇಕಲ್ಲ? ಅಂತರರಾಜ್ಯ ಹೆದ್ದಾರಿ 71ರಲ್ಲಿ ಮೈಲಿಗೊಂದು ಫಲಕ ಇರುತ್ತದೆ. ಒಂದು ಭಾನುವಾರ ಬೆಳಿಗ್ಗೆ 50 ಫಲಕ ಎಣಿಸಿಕೊಂಡು ಹೋದೆ. ನನ್ನ ಮೀಟರು ತೋರಿಸಿದ್ದು 46. ಅಂದರೆ ಗಾಡಿ ನಿಜವಾಗಿ ಕೊಡುತ್ತಿದ್ದದ್ದು 12.5. ಒಂದು ಸ್ಪ್ಯಾನರ್ ಮುಟ್ಟದೆ ಒಂದು ಮೈಲಿ ಸಿಕ್ಕಿತು. ಟೈರ್ ಬದಲಾಯಿಸಿದ ಮೇಲೆ ಇದನ್ನು ಮಾಡದೆ ಮೈಲೇಜ್ ಹೇಳುವವರ ಅಂಕಿಯನ್ನು ನಾನು ನಂಬುವುದಿಲ್ಲ.

ಅದೇ ದಿನ ಇನ್ನೊಂದು ವಿಷಯ ಕೈಗೆ ಸಿಕ್ಕಿತು. ಅಕ್ಷರಶಃ ಕೈಗೆ. ಹೆದ್ದಾರಿಯಿಂದ ಇಳಿದು ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ನಡುಭಾಗವನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಹಿಂದಿನವು ಬೆಚ್ಚಗಿದ್ದವು. ಮುಂದಿನವುಗಳ ಮೇಲೆ ಕೈ ಇಡಲು ಆಗಲಿಲ್ಲ, ಅಷ್ಟು ಕಾವು. ಹಾಟ್ ರಾಡ್‌ನಲ್ಲಿ ಚಕ್ರಗಳಿಗೆ ಎಣ್ಣೆ ತಳ್ಳುವ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕಾಲಡಿಯ ನೆಲದ ಕೆಳಗೆ ಕೂತಿರುತ್ತದೆ. ಅದು ಚಕ್ರದ ಬ್ರೇಕಿಗಿಂತ ಕೆಳಗಿದ್ದರೆ ಎಣ್ಣೆ ವಾಪಸ್ ಹರಿದು ಬರುತ್ತದೆ. ಅದನ್ನು ತಡೆಯಲು ಪೈಪಿನಲ್ಲಿ ಒಂದು ಪುಟ್ಟ ವಾಲ್ವ್ ಹಾಕುತ್ತಾರೆ. ಡಿಸ್ಕ್ ಬ್ರೇಕಿಗೆ 2 ಪೌಂಡ್ ಒತ್ತಡದ್ದು, ಡ್ರಮ್ ಬ್ರೇಕಿಗೆ 10 ಪೌಂಡಿನದು. ನನ್ನ ಗಾಡಿಯಲ್ಲಿ ಅವೆರಡೂ ಅದಲು ಬದಲಾಗಿದ್ದವು. ಮುಂದಿನ ಡಿಸ್ಕ್‌ಗಳನ್ನು ಪ್ಯಾಡುಗಳು ಸದಾ ಮೆಲ್ಲಗೆ ಹಿಡಿದುಕೊಂಡೇ ಇದ್ದವು. ಬ್ರೇಕ್ ಒತ್ತಿಕೊಂಡೇ ಎಷ್ಟು ಸಾವಿರ ಮೈಲಿ ಓಡಿಸಿದ್ದೆನೋ. ಸರಿ ಮಾಡಿದ ಮೇಲೆ ಅರ್ಧ ಮೈಲಿ ಹೆಚ್ಚು ಬಂತು. ಅದಕ್ಕಿಂತ ಮುಖ್ಯ, ಬ್ರೇಕ್ ಸುಟ್ಟು ಕೈಕೊಡುವ ಅಪಾಯ ತಪ್ಪಿತು. ನಾಡಿ ಅಂದದ್ದು ಇದಕ್ಕೇ. ಮೈಲೇಜ್ ಕಡಿಮೆ ಯಾಕೆ ಅಂತ ಹುಡುಕಿಕೊಂಡು ಹೋಗಿದ್ದಕ್ಕೇ ಇದು ಕಣ್ಣಿಗೆ ಬಿದ್ದದ್ದು.

ಈಗ ಗೇರು. ಎಲ್ಲಕ್ಕಿಂತ ಜಾಸ್ತಿ ಲಾಭ ಇಲ್ಲೇ. ನನ್ನಲ್ಲಿ ಇದ್ದದ್ದು ಟರ್ಬೊ 350 ಅನ್ನುವ ಮೂರು ಗೇರಿನ ಆಟೊಮ್ಯಾಟಿಕ್. ಹಿಂದಿನ ಆಕ್ಸಲ್‌ನ ರೇಶಿಯೋ 4.11, ಅಂದರೆ ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 4.11 ಸುತ್ತು ತಿರುಗಬೇಕು. ಹಿಂದಿನ ಟೈರ್ 28 ಇಂಚು. ಇಂಜಿನ್ ಎಷ್ಟು ಸುತ್ತುತ್ತದೆ ಅಂತ ತಿಳಿಯಲು ಒಂದು ಸುಲಭ ಲೆಕ್ಕ ಇದೆ: ಮೈಲಿ ವೇಗವನ್ನು ರೇಶಿಯೋದಿಂದ ಗುಣಿಸಿ, 336ರಿಂದ ಗುಣಿಸಿ, ಟೈರಿನ ಇಂಚಿನಿಂದ ಭಾಗಿಸಿ. 65 ಮೈಲಿ ವೇಗದಲ್ಲಿ ನನ್ನ ಇಂಜಿನ್ ನಿಮಿಷಕ್ಕೆ 3,200 ಸುತ್ತುತ್ತಿತ್ತು. ಒಂದು ಗಂಟೆ ಹಾಗೆ ಓಡಿಸಿದರೆ ಕಿವಿಯಲ್ಲಿ ಗುಂಯ್ ಅನ್ನುವುದು ರಾತ್ರಿಯವರೆಗೂ ನಿಲ್ಲುತ್ತಿರಲಿಲ್ಲ.

4.11 ಬೇಕು ಅನ್ನುವವರ ವಾದ ಒಂದೇ. ಸಿಗ್ನಲ್‌ನಲ್ಲಿ ಹಸಿರು ಬಂದಾಗ ಗಾಡಿ ಚಿಮ್ಮಬೇಕು. ಸರಿ, ಚಿಮ್ಮಲಿ. ಟರ್ಬೊ 350ರ ಮೊದಲ ಗೇರು 2.52. ಅದನ್ನು 4.11ರಿಂದ ಗುಣಿಸಿದರೆ 10.36. ಈಗ 1982ರಲ್ಲಿ ಬಂದ 700ಆರ್4 ಅನ್ನುವ ನಾಲ್ಕು ಗೇರಿನ ಪೆಟ್ಟಿಗೆ ನೋಡಿ. ಅದರ ಮೊದಲ ಗೇರು 3.06, ನಾಲ್ಕನೆಯದು 0.70. ಆಕ್ಸಲ್‌ಗೆ 3.42 ಹಾಕಿದರೆ ಮೊದಲ ಗೇರಿನಲ್ಲಿ ಒಟ್ಟು 10.47. ಮೊದಲಿಗಿಂತ ಕೂದಲೆಳೆಯಷ್ಟು ಜಾಸ್ತಿಯೇ! ಚಿಮ್ಮುವುದರಲ್ಲಿ ಏನೂ ಕಳೆದುಕೊಂಡಿಲ್ಲ. ಆದರೆ ನಾಲ್ಕನೇ ಗೇರಿನ 0.70ರಿಂದಲೂ ಗುಣಿಸಿ ನೋಡಿದರೆ 65 ಮೈಲಿ ವೇಗದಲ್ಲಿ ಇಂಜಿನ್ ಸುತ್ತುವುದು 1,870ಕ್ಕಿಂತ ಕಡಿಮೆ. ಈ ಲೆಕ್ಕವನ್ನು ಕಾಗದದ ಮೇಲೆ ಮೊದಲ ಸಲ ಮಾಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬದಲಾಯಿಸಿದ ಮೇಲೆ 13 ಇದ್ದದ್ದು 16 ಆಯಿತು. ಒಂದು ಎಚ್ಚರಿಕೆ ಇದೆ. 700ಆರ್4ನಲ್ಲಿ ಕಾರ್ಬುರೇಟರಿಗೆ ಕಟ್ಟುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಅಂತ ಒಂದಿರುತ್ತದೆ. ಅದು ಗೇರ್ ಬದಲಾವಣೆಗೆ ಮಾತ್ರ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಒಳಗಿನ ಎಣ್ಣೆಯ ಒತ್ತಡವನ್ನೂ ಅದೇ ಹೇಳಿಕೊಡುತ್ತದೆ. ಸರಿಯಾಗಿ ಬಿಗಿಯದೆ ಸುಮ್ನೆ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಕ್ಲಚ್ಚುಗಳು ಸುಟ್ಟುಹೋಗಬಹುದು. ಮೊದಲು ಕೇಬಲ್, ಆಮೇಲೆ ಕೀಲಿ.

ಇನ್ನು ಕಿಡಿಯ ವಿಷಯ. ನನ್ನ ಪ್ರಕಾರ ಗೇರು ಬಿಟ್ಟರೆ ಹಾಟ್ ರಾಡ್‌ಗಳಲ್ಲಿ ಅತಿ ಹೆಚ್ಚು ಪೆಟ್ರೋಲ್ ಪುಕ್ಕಟೆ ಹೋಗುವುದು ಇಲ್ಲೇ, ಅದನ್ನು ನಿಲ್ಲಿಸಲು ಕಾಸೂ ಖರ್ಚಿಲ್ಲ. ಸಿಲಿಂಡರುಗಳಿಗೆ ಕಿಡಿ ಹಂಚುವ ಹಳೆಯ ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ. ಅದಕ್ಕೆ ವ್ಯಾಕ್ಯೂಮ್ ಅಡ್ವಾನ್ಸ್ ಅನ್ನುತ್ತಾರೆ. ರೇಸ್ ಕಾರಿನಲ್ಲಿ ಅದು ಇರುವುದಿಲ್ಲ. ಅದನ್ನು ನೋಡಿ ನಮ್ಮವರು ರಸ್ತೆಯ ಗಾಡಿಯಲ್ಲೂ ಅದರ ರಬ್ಬರ್ ಕೊಳವೆ ಕಿತ್ತು, ಬಾಯಿಗೆ ಬಿರಡೆ ಜಡಿಯುತ್ತಾರೆ. ರೇಸ್ ಕಾರು ಪೂರ್ತಿ ಆಕ್ಸಿಲರೇಟರ್ ಒತ್ತಿಕೊಂಡೇ ಓಡುತ್ತದೆ. ನಮ್ಮದು ಹಾಗಲ್ಲ ಅಲ್ವಾ? ಕಾಲು ಹಗುರವಾಗಿದ್ದಾಗ ಸಿಲಿಂಡರಿನೊಳಗೆ ಬರುವ ಮಿಶ್ರಣ ತೆಳ್ಳಗಿರುತ್ತದೆ. ತೆಳ್ಳಗಿದ್ದರೆ ಬೆಂಕಿ ನಿಧಾನ ಹರಡುತ್ತದೆ. ಒತ್ತಾಗಿ ಒಟ್ಟಿದ ಹುಲ್ಲು ಭಗ್ಗನೆ ಹತ್ತಿಕೊಳ್ಳುತ್ತದೆ, ಚೆಲ್ಲಾಪಿಲ್ಲಿ ಬಿದ್ದದ್ದು ತೆವಳಿಕೊಂಡು ಉರಿಯುತ್ತದೆ. ಆದ್ದರಿಂದ ಕಿಡಿಯನ್ನು ಇನ್ನೂ ಮೊದಲೇ ಕೊಡಬೇಕು. ನನ್ನ ಇಂಜಿನ್‌ಗೆ ಪೂರ್ತಿ ಒತ್ತಿದಾಗ 36 ಡಿಗ್ರಿ (ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಮೊದಲು ಕ್ರ್ಯಾಂಕ್ ತಿರುಗಬೇಕಾದ ಕೋನ) ಸಾಕು. ಹೆದ್ದಾರಿಯಲ್ಲಿ ಹಾಯಾಗಿ ಹೋಗುವಾಗ 48ರ ಹತ್ತಿರ ಕೇಳುತ್ತದೆ. ಆ ಹೆಚ್ಚಿನ 12 ಡಿಗ್ರಿಯನ್ನು ಕೊಡುವುದೇ ಆ ಡಬ್ಬಿ. ಕಾಲು ಒತ್ತಿದ ಕೂಡಲೇ ಒಳಗಿನ ಎಳೆತ ಬಿದ್ದುಹೋಗುತ್ತದೆ, ಡಬ್ಬಿ ತಾನಾಗಿ ಹಿಂದೆ ಸರಿಯುತ್ತದೆ. ಇಂಜಿನ್ ಬಡಿದುಕೊಳ್ಳುವುದಿಲ್ಲ. ಎಷ್ಟು ಚೆನ್ನಾದ ಯೋಚನೆ ನೋಡಿ! ಒಂದು ರಬ್ಬರ್ ಪೊರೆ, ಒಂದು ಸ್ಪ್ರಿಂಗ್. ಬಿರಡೆ ತೆಗೆದು ಕೊಳವೆ ಸಿಕ್ಕಿಸಿದೆ. 16 ಇದ್ದದ್ದು 17.5 ಆಯಿತು. ಇಂಜಿನ್ ಮೊದಲಿಗಿಂತ ತಣ್ಣಗೂ ಓಡತೊಡಗಿತು. ತಡವಾಗಿ ಹತ್ತಿದ ಬೆಂಕಿ ಎಕ್ಸಾಸ್ಟ್‌ಗೆ ಹೋಗಿ ಅಲ್ಲಿ ಕಾವಾಗುತ್ತಿತ್ತು, ಆ ಕಾವೇ ಈಗ ಚಕ್ರ ತಿರುಗಿಸುತ್ತಿತ್ತು.

ಕಾರ್ಬುರೇಟರ್ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ನಾನು ಎರಡು ಮಾತು ಹೇಳುತ್ತೇನೆ. ಒಂದು, ಗಾತ್ರ. 350 ಕ್ಯೂಬಿಕ್ ಇಂಚಿನ ಇಂಜಿನ್ ನಿಮಿಷಕ್ಕೆ 5,500 ಸುತ್ತಿದರೂ ಎಳೆಯಬಲ್ಲ ಗಾಳಿ ಹೆಚ್ಚೆಂದರೆ 557 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 557 ಘನ ಅಡಿ. 600ರ ಕಾರ್ಬುರೇಟರ್ ಧಾರಾಳ. 850 ಹಾಕಿದರೆ ಕಡಿಮೆ ವೇಗದಲ್ಲಿ ಗಾಳಿ ಸೋಮಾರಿಯಾಗಿ ಹರಿಯುತ್ತದೆ, ಪೆಟ್ರೋಲ್ ನುಣ್ಣಗೆ ಒಡೆಯದೆ ಹನಿ ಹನಿಯಾಗಿ ಹೋಗುತ್ತದೆ. ಎರಡು, ಅಳೆಯದೆ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ತಿರುಪು) ಬದಲಾಯಿಸಬೇಡಿ. ಎಕ್ಸಾಸ್ಟ್ ಪೈಪಿನಲ್ಲಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸಿ ನೋಡಿದಾಗ ನನ್ನದು ಹೆದ್ದಾರಿಯಲ್ಲಿ 12.2 ತೋರಿಸಿತು. ಪೆಟ್ರೋಲ್‌ನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ನನ್ನಲ್ಲಿ ಉರಿಯದ ಪೆಟ್ರೋಲ್ ಸುಮ್ನೆ ಹೊರಗೆ ಹೋಗುತ್ತಿತ್ತು, ಗ್ಯಾರೇಜಿನಲ್ಲಿ ಕಣ್ಣು ಉರಿಯುತ್ತಿದ್ದದ್ದು ಅದಕ್ಕೇ. ಜೆಟ್‌ಗಳನ್ನು ಒಂದೊಂದೇ ಗಾತ್ರ ಇಳಿಸುತ್ತ ಹೋದೆ. ಇಲ್ಲೂ ಒಂದು ಮೋಸ ಇದೆ. ಸೆನ್ಸರ್‌ಗಿಂತ ಮೊದಲು, ಎಕ್ಸಾಸ್ಟ್ ಪೈಪು ಇಂಜಿನ್ನಿಗೆ ಕೂಡುವಲ್ಲಿನ ಹೆಡರ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆಗ ಮಿಶ್ರಣ ನಿಜಕ್ಕಿಂತ ತೆಳ್ಳಗೆ ಕಾಣುತ್ತದೆ. ಅದನ್ನು ನಂಬಿ ಜೆಟ್ ದೊಡ್ಡದು ಮಾಡಿದವರನ್ನು ನೋಡಿದ್ದೇನೆ. ಮೊದಲು ಗ್ಯಾಸ್ಕೆಟ್ ನೋಡಿ.

ಇಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಬಗ್ಗೆ ಚುಟುಕಾಗಿ: ನಿಂತಲ್ಲೇ ಗುಡುಗುಡು ಕುಣಿಯುವ ದೊಡ್ಡ ಕ್ಯಾಮ್ ಇದ್ದರೆ 2,000ಕ್ಕಿಂತ ಕೆಳಗೆ ಇಂಜಿನ್ ಮುಗ್ಗರಿಸುತ್ತದೆ. ಓವರ್‌ಡ್ರೈವ್ ಅನ್ನುವ ಆ ನಾಲ್ಕನೇ ಗೇರಿನ ಲಾಭವೆಲ್ಲ ಅಲ್ಲೇ ಹೋಯಿತು. ಗೇರು, ಕ್ಯಾಮ್ ಎರಡನ್ನೂ ಒಟ್ಟಿಗೆ ಆರಿಸಬೇಕು.

ಹಳೆಯ ಫ್ಲ್ಯಾಟ್‌ಹೆಡ್ ಇಂಜಿನ್ (1932ರ ಆ ಫೋರ್ಡ್ ವಿ8) ಬಿಟ್ಟುಕೊಡದವರ ಮೇಲೆ ನನಗೆ ತುಂಬ ಗೌರವ. ಅದರಲ್ಲಿ ಬಿಸಿ ಹೊಗೆ ಇಂಜಿನ್ನಿನ ಎರಕದ ಮೈಯೊಳಗಿಂದಲೇ ಹಾದು ಹೋಗುತ್ತದೆ, ನೀರನ್ನೂ ಕಾಯಿಸುತ್ತದೆ. 1932ರಲ್ಲಿ ಅದರ ಕಂಪ್ರೆಷನ್, ಅಂದರೆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, ಬರೀ 5.5. ಆ ಕಾಲದ ಹುಡುಗರು ಅಲ್ಯೂಮಿನಿಯಂ ಹೆಡ್ ಹಾಕಿ ಕಂಪ್ರೆಷನ್ ಏರಿಸುತ್ತಿದ್ದರು. ಅದರಿಂದ ಶಕ್ತಿಯೂ ಏರುತ್ತದೆ, ಅದೇ ಪೆಟ್ರೋಲ್‌ನಲ್ಲಿ ದೂರವೂ ಏರುತ್ತದೆ. ವೇಗಕ್ಕಾಗಿ ಮಾಡಿದ ಕೆಲಸ ಮೈಲೇಜಿಗೂ ಆಗಿಬಂತು.

ಇನ್ನು ಗಾಳಿ. ನೆಟ್ಟಗೆ ನಿಂತ ಗಾಜು, ಬಯಲಾಗಿರುವ ಚಕ್ರಗಳು. ನಮ್ಮ ಗಾಡಿಯ ಚೆಲುವೇ ಅದು, ಅದನ್ನು ಬದಲಾಯಿಸುವ ಮಾತೇ ಇಲ್ಲ. ಬದಲಾಯಿಸಬಹುದಾದದ್ದು ಕಾಲಿನ ಭಾರ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 65ರಿಂದ 75ಕ್ಕೆ ಹೋದರೆ ಮೂರನೇ ಒಂದು ಪಾಲು ಜಾಸ್ತಿ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಅಮೆರಿಕ ಸರ್ಕಾರ ದೇಶದ ತುಂಬ 55 ಮೈಲಿಯ ಮಿತಿ ತಂದದ್ದು ಈ ಲೆಕ್ಕದ ಮೇಲೇ. 1974ರ ಜನವರಿ 2ರಂದು ಅಧ್ಯಕ್ಷ ನಿಕ್ಸನ್ ಆ ಕಾನೂನಿಗೆ ಸಹಿ ಹಾಕಿದರು. 1995ರಲ್ಲಿ ಅದು ಹೋಯಿತು.

ದುಡ್ಡಿನ ಮಾತನ್ನು ಮುಚ್ಚಿಡುವುದಿಲ್ಲ. ವರ್ಷಕ್ಕೆ 2,000 ಮೈಲಿ ಓಡಿಸುತ್ತೇನೆ. 12ರಿಂದ 19ಕ್ಕೆ ಏರಿದರೆ ಸುಮಾರು 60 ಗ್ಯಾಲನ್ ಉಳಿತಾಯ. ಗ್ಯಾಲನ್‌ಗೆ 3 ಡಾಲರ್ ಅಂತ ಹಿಡಿದರೆ 180 ಡಾಲರ್. ಗೇರ್‌ಬಾಕ್ಸ್, ಆಕ್ಸಲ್ ಕೆಲಸಕ್ಕೆ ನನಗೆ 1,800 ಡಾಲರ್ ಆಯಿತು. ವಾಪಸ್ ಬರಲು ಹತ್ತು ವರ್ಷ ಬೇಕು. ದುಡ್ಡಿಗಾಗಿ ಇದನ್ನು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ದೂರಕ್ಕಾಗಿ ಮಾಡಿ ಅನ್ನುತ್ತೇನೆ. ನನ್ನ ಟ್ಯಾಂಕು 11 ಗ್ಯಾಲನ್. ಕೆಂಟಕಿಯ ಲೂಯಿವಿಲ್‌ನಲ್ಲಿ ನಡೆಯುವ ಸ್ಟ್ರೀಟ್ ರಾಡ್ ನ್ಯಾಷನಲ್ಸ್ ಮೇಳ ನಮ್ಮ ಮನೆಯಿಂದ 210 ಮೈಲಿ. ಮೊದಲು ನೂರು ಮೈಲಿ ದಾಟುತ್ತಿದ್ದಂತೆ ಕಣ್ಣು ಪೆಟ್ರೋಲ್ ಮುಳ್ಳಿನ ಮೇಲೆಯೇ ಇರುತ್ತಿತ್ತು, ದಾರಿಯಲ್ಲಿ ಎರಡು ಸಲ ನಿಲ್ಲಿಸುತ್ತಿದ್ದೆ. ಈಗ ಸಿನ್ಸಿನಾಟಿ ದಾಟಿ ಒಂದೇ ಸಲ. ಹೆಂಡತಿ ಪಕ್ಕದಲ್ಲಿ ಕೂತು ಮಾತಾಡಿದರೆ ಕೇಳಿಸುತ್ತದೆ. 3,200ರಲ್ಲಿ ಸುತ್ತುವಾಗ ಕೇಳಿಸುತ್ತಿರಲಿಲ್ಲ.

ಶೆವರ್ಲೆಯ ಹೊಸ ಪೀಳಿಗೆಯ ಎಲ್‌ಎಸ್ ವಿ8 ಇಂಜಿನ್ ಹಾಕಿ, ಫ್ಯುಯಲ್ ಇಂಜೆಕ್ಷನ್ ಇಟ್ಟುಕೊಂಡರೆ ಇದೆಲ್ಲ ಸುಲಭ ಅಂತ ಒಬ್ಬರು ಎದ್ದು ಹೇಳಿದರು. ನಿಜ. 1997ರ ಕಾರ್ವೆಟ್‌ನಲ್ಲಿ ಆ ಇಂಜಿನ್ ಜೊತೆ ಬಂದ ಆರನೇ ಗೇರಿನ ರೇಶಿಯೋ 0.50, ಕಾಲು ತೆಗೆದು ಗಾಡಿ ತಾನೇ ಉರುಳುವಾಗ ಕಂಪ್ಯೂಟರು ಪೆಟ್ರೋಲ್ ನಿಲ್ಲಿಸಿಯೇ ಬಿಡುತ್ತದೆ. ಅದನ್ನು ಮೆಚ್ಚುತ್ತೇನೆ. ನನಗೆ ಸ್ಕ್ರೂ ಡ್ರೈವರ್ ಹಿಡಿದು ಕಿವಿಗೊಟ್ಟು ಕೇಳುವ ಕೆಲಸ ಇಷ್ಟ, ಅಷ್ಟೇ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: ಅಪ್ಪನ ಗಾಡಿಯಲ್ಲಿ ಮೂರು ಕಾರ್ಬುರೇಟರ್ ಸಾಲಾಗಿವೆ, ಮೈಲೇಜಿಗಾಗಿ ಎರಡನ್ನು ತೆಗೆಯಬೇಕಾ? ಬೇಡ. ಪೆಡಲ್ ಒತ್ತಿದಾಗ ತಟ್ಟೆಗಳನ್ನು ತೆರೆಯುವ ಸರಳುಗಳ ಜೋಡಣೆ, ಅಂದರೆ ಲಿಂಕೇಜ್, ಯಾವ ಥರದ್ದು ಅಂತ ಮೊದಲು ನೋಡು. ಮೂರೂ ಒಟ್ಟಿಗೆ ತೆರೆಯುವಂತಿದ್ದರೆ ಒಂದಾದ ಮೇಲೆ ಒಂದು ತೆರೆಯುವ ಲಿಂಕೇಜ್ ಹಾಕು. ಆಗ ಹೆದ್ದಾರಿಯಲ್ಲಿ ಗಾಡಿ ನಡುವಿನ ಒಂದೇ ಕಾರ್ಬುರೇಟರಿನಲ್ಲಿ ಓಡುತ್ತದೆ. ಉಳಿದೆರಡು ಅಪ್ಪ ಕಾಲು ಒತ್ತುವವರೆಗೆ ಮಲಗಿರುತ್ತವೆ. ಆದರೆ ಆ ಎರಡರ ತಟ್ಟೆಗಳು ಪೂರ್ತಿ ಮುಚ್ಚಿಕೊಳ್ಳುತ್ತವೆಯಾ ನೋಡು. ಬಿಚ್ಚಿ, ಬೆಳಕಿಗೆ ಹಿಡಿ. ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿಂದ ಗಾಳಿ ಸೋರುತ್ತಿದೆ. ತಟ್ಟೆಯ ಸ್ಕ್ರೂ ಸಡಿಲಿಸಿ, ಬೆರಳಲ್ಲಿ ತಟ್ಟಿ ಕೂರಿಸಿ, ಮತ್ತೆ ಬಿಗಿ. ಗೆರೆ ಮಾಯವಾಗುವವರೆಗೆ.